ಮನೆಸೇವೆಯ ಆ್ಯಪ್‌ಗಳು ದರ ಕೂಗುವ ಪದ್ಧತಿಯನ್ನು ಕೈಬಿಟ್ಟದ್ದೇಕೆ?

ಪ್ರಶ್ನೆ

ನಲ್ಲಿ ರಿಪೇರಿ, ವಿದ್ಯುತ್ ಕೆಲಸ, ಮನೆ ಶುಚಿಗೊಳಿಸುವಿಕೆ, ಸೌಂದರ್ಯ ಸೇವೆ ಮುಂತಾದವನ್ನು ಒಂದೇ ಆ್ಯಪ್‌ನಲ್ಲಿ ಒದಗಿಸುವ ಸ್ಟಾರ್ಟಪ್‌ಗಳು ಹೇಗೆ ಬೆಳೆದವು ಎಂಬುದನ್ನು ಓದುತ್ತಿದ್ದೇನೆ. ಅಭಿರಾಜ್ ಸಿಂಗ್ ಭಾಲ್, ವರುಣ್ ಖೇತಾನ್ ಮತ್ತು ರಾಘವ್ ಚಂದ್ರ 2014ರಲ್ಲಿ ಆರಂಭಿಸಿದ ಅರ್ಬನ್‌ಕ್ಲ್ಯಾಪ್, ಅಂದರೆ ಇಂದಿನ ಅರ್ಬನ್ ಕಂಪನಿ, ಮೊದಲು ಗ್ರಾಹಕರ ಬೇಡಿಕೆಯನ್ನು ಹಲವು ವೃತ್ತಿಪರರಿಗೆ ತಲುಪಿಸಿ ಅವರಿಂದ ದರ ತರಿಸಿಕೊಡುತ್ತಿತ್ತು. ಮುಂದೆ ಹೆಚ್ಚಿನ ಸೇವೆಗಳಿಗೆ ತಾನೇ ದರ ನಿಗದಿ ಮಾಡತೊಡಗಿತು. ಸಣ್ಣಪುಟ್ಟ ಕೆಲಸಗಳಿಗೆ ಜನರನ್ನು ಒದಗಿಸುವ ಅಮೆರಿಕದ ಟಾಸ್ಕ್‌ರ್‍ಯಾಬಿಟ್ ಕೂಡ 2014ರಲ್ಲಿ ಹರಾಜಿನ ಪದ್ಧತಿಯನ್ನು ಬಿಟ್ಟಿತು. ದರ ಕೂಗುವಲ್ಲಿ ಸ್ಪರ್ಧೆ ಹೆಚ್ಚು, ಕಂಪನಿಗೆ ಹೊಣೆ ಕಡಿಮೆ. ಹಾಗಿದ್ದೂ ಅದನ್ನು ಬಿಟ್ಟದ್ದೇಕೆ? ಇನ್ನೊಂದು ಸಂದೇಹವೂ ಇದೆ. ಒಮ್ಮೆ ಮನೆಗೆ ಬಂದವರ ಫೋನ್ ನಂಬರ್ ಸಿಕ್ಕ ಮೇಲೆ ಗ್ರಾಹಕರಿಗೆ ಮಧ್ಯವರ್ತಿಯ ಹಂಗಾದರೂ ಏಕೆ?

ಉತ್ತರ 1

ದರ ಕೂಗುವ ಮಾದರಿಯ ಒಂದು ಸಣ್ಣ ತಾಣಕ್ಕೆ ಕೆಲಕಾಲ ಸಾಫ್ಟ್‌ವೇರ್ ಬರೆದವನಾದ್ದರಿಂದ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಗ್ರಾಹಕರು ಬರೆಯುತ್ತಿದ್ದದ್ದು "ಫ್ಯಾನ್ ಸದ್ದು ಮಾಡುತ್ತಿದೆ" ಎಂಬಷ್ಟು ಮಾತ್ರ. ಬೇರಿಂಗ್ ಸವೆದಿದೆಯೋ, ರೆಕ್ಕೆ ಬಾಗಿದೆಯೋ ನೋಡದೆ ಎಲೆಕ್ಟ್ರಿಷಿಯನ್ ಏನೆಂದು ದರ ಹೇಳಬೇಕು? ಒಬ್ಬರು ಕೆಲಸ ಹಿಡಿಯಲೆಂದು ತೀರ ಕಡಿಮೆ ಹೇಳಿ, ಏಣಿ ಹತ್ತಿದ ಮೇಲೆ ಮೊತ್ತ ಏರಿಸುತ್ತಿದ್ದರು. ಇನ್ನೊಬ್ಬರು ಎಲ್ಲ ಸಾಧ್ಯತೆಗಳನ್ನೂ ಸೇರಿಸಿ ಹೆಚ್ಚು ಹೇಳಿ ಕೆಲಸ ಕಳೆದುಕೊಳ್ಳುತ್ತಿದ್ದರು. ಕೈತುಂಬ ಕೆಲಸವಿರುವ ನುರಿತವರಿಗೆ ದಿನವಿಡೀ ಮೊಬೈಲ್ ನೋಡುತ್ತ ಉತ್ತರ ಕೊಡಲು ಪುರಸೊತ್ತಿರುವುದಿಲ್ಲ, ಆದ್ದರಿಂದ ತಕ್ಷಣ ಉತ್ತರಿಸುವವರಲ್ಲಿ ಬೇರೆಡೆ ಕೆಲಸ ಸಿಗದವರೇ ಹೆಚ್ಚಾಗುತ್ತಿದ್ದರು. ಕೆಲಸ ಸಿಗಲಿ ಬಿಡಲಿ, ಗ್ರಾಹಕರ ಪ್ರತಿ ಬೇಡಿಕೆಗೂ ಕೆಲಸಗಾರರು ತಾಣಕ್ಕೆ ಶುಲ್ಕ ಕಟ್ಟಲೇಬೇಕಾದ ಕಡೆ ಒಳ್ಳೆಯವರು ಇನ್ನೂ ಬೇಗ ಬಿಟ್ಟು ಹೋಗುತ್ತಾರೆ.

ನಿಗದಿತ ದರಕ್ಕೆ ಬರುವುದೆಂದರೆ ಕೆಲಸದ ವ್ಯಾಖ್ಯೆ ಬರೆಯುವುದು. ಹೊರಗಿನವರಿಗೆ ಕಾಣದ ದುಡಿಮೆಯೆಲ್ಲ ಇರುವುದು ಇಲ್ಲಿಯೇ. "ಸೀಲಿಂಗ್ ಫ್ಯಾನ್ ಅಳವಡಿಕೆ" ಎಂಬ ಒಂದು ಸಾಲು ಬರೆಯುವ ಮೊದಲು ಹಳೆಯ ಫ್ಯಾನ್ ಇಳಿಸುವುದು ಅದರಲ್ಲಿ ಸೇರಿದೆಯೇ, ಕೊಕ್ಕೆ ಇಲ್ಲದಿದ್ದರೆ ಚಾವಣಿ ಕೊರೆಯುವವರು ಯಾರು, ರೆಗ್ಯುಲೇಟರ್ ಬದಲಿಸಿದರೆ ಬೇರೆ ದರವೇ, ಏಣಿ ಯಾರದು ಎಂಬುದನ್ನೆಲ್ಲ ತೀರ್ಮಾನಿಸಬೇಕು. ಹೀಗೆ ನೂರಾರು ಸಾಲುಗಳು. ಆ್ಯಪ್ ಅನ್ನು ಯಾರಾದರೂ ಬರೆದಾರು, ಈ ಪಟ್ಟಿಯನ್ನಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರತಿ ಬಾರಿಯೂ ಸ್ವರೂಪ ಬದಲಾಗುವ ಮದುವೆಯ ಛಾಯಾಗ್ರಹಣದಂತಹ ಕೆಲಸಗಳು ಮಾತ್ರ ಈ ಅಚ್ಚಿಗೆ ಒಗ್ಗುವುದಿಲ್ಲ. ಅಂದ ಹಾಗೆ, ಟಾಸ್ಕ್‌ರ್‍ಯಾಬಿಟ್ ಹರಾಜನ್ನು ಬಿಟ್ಟಿತಾದರೂ ಗಂಟೆಯ ದರವನ್ನು ಕೆಲಸಗಾರರೇ ಮುಂಚಿತವಾಗಿ ಘೋಷಿಸುವಂತೆ ಮಾಡಿತು, ಆದ್ದರಿಂದ ಎರಡು ಕಂಪನಿಗಳ ದಾರಿಯೂ ಒಂದೇ ಅಲ್ಲ.

ಉತ್ತರ 2

ಮೇಲಿನ ಉತ್ತರಕ್ಕೆ ದೂರದ ಲೆಕ್ಕವನ್ನೂ ಸೇರಿಸಬೇಕು. ಒಂದೂವರೆ ಗಂಟೆಯ ನಾಲ್ಕು ಕೆಲಸಗಳಿಗೆ ಒಟ್ಟು 6 ಗಂಟೆ ಬೇಕು. ಪ್ರತಿ ಪ್ರಯಾಣಕ್ಕೆ 20 ನಿಮಿಷವಾದರೆ ದಿನದಲ್ಲಿ 1 ಗಂಟೆ 20 ನಿಮಿಷ ರಸ್ತೆಗೆ ಹೋಗುತ್ತದೆ. ಒಂದೊಂದು ಗಂಟೆಯಾದರೆ 4 ಗಂಟೆ ಹೋಗುತ್ತದೆ, ನಾಲ್ಕನೆಯ ಕೆಲಸ ಕತ್ತಲಾದ ಮೇಲೆ ಮುಗಿಯುತ್ತದೆ ಅಥವಾ ರದ್ದಾಗುತ್ತದೆ. ದರ ಮತ್ತು ಸಮಯ ಎರಡೂ ಕಂಪನಿಯ ಕೈಯಲ್ಲಿದ್ದರೆ ಮಾತ್ರ ಅಕ್ಕಪಕ್ಕದ ಕೆಲಸಗಳನ್ನು ಒಬ್ಬರಿಗೇ ಪೋಣಿಸಿಕೊಡಬಹುದು. ಇಂತಹ ಕಂಪನಿಗಳು ನಗರವನ್ನು ಕೆಲವೇ ಕಿಲೋಮೀಟರ್‌ಗಳ ತುಂಡುಗಳಾಗಿ ವಿಂಗಡಿಸಿಕೊಳ್ಳುವುದು ಇದಕ್ಕಾಗಿ.

ಉತ್ತರ 3

ಎರಡನೆಯ ಪ್ರಶ್ನೆಗೆ ಎಲ್ಲ ಸೇವೆಗಳಿಗೂ ಅನ್ವಯಿಸುವ ಉತ್ತರವಿಲ್ಲ. ವರ್ಷಕ್ಕೊಮ್ಮೆ ಎಸಿ ಶುಚಿಗೊಳಿಸಿದವರ ನಂಬರನ್ನು ಯಾರೂ ಜೋಪಾನ ಮಾಡುವುದಿಲ್ಲ. ಪ್ರತಿ ವಾರ ಅದೇ ವ್ಯಕ್ತಿ ಬಂದು ಮನೆ ಗುಡಿಸಿ ಒರೆಸುವಲ್ಲಿ ನಂಬಿಕೆ ಬೆಳೆಯುವುದು ಆ ವ್ಯಕ್ತಿಯ ಮೇಲೆಯೇ ಹೊರತು ಆ್ಯಪ್ ಮೇಲಲ್ಲ. ಆ್ಯಪ್‌ಗೆ ಹೋಗುವ ಕಮಿಷನ್ ಮೊತ್ತವನ್ನು ಗ್ರಾಹಕರೂ ಕೆಲಸಗಾರರೂ ಹಂಚಿಕೊಂಡು ನೇರ ವ್ಯವಹಾರಕ್ಕೆ ಇಳಿಯುವುದು ಸಹಜ. ಮನೆ ಶುಚಿಗೊಳಿಸುವವರನ್ನು ಒದಗಿಸುತ್ತಿದ್ದ ಅಮೆರಿಕದ ಹೋಮ್‌ಜಾಯ್ ಸಿಲುಕಿದ್ದು ಇಲ್ಲಿಯೇ. ಮೊದಲ ಬಾರಿಯ ಭಾರಿ ರಿಯಾಯಿತಿಗಳು ಗ್ರಾಹಕರನ್ನು ತಂದವು, ಆದರೆ ಪೂರ್ತಿ ದರಕ್ಕೆ ಅವರು ನಿಲ್ಲಲಿಲ್ಲ. ಕೆಲಸಗಾರರನ್ನು ನೌಕರರೆನ್ನದೆ ಸ್ವತಂತ್ರ ಗುತ್ತಿಗೆದಾರರೆನ್ನುವುದು ಸರಿಯೇ ಎಂಬ ಮೊಕದ್ದಮೆಗಳೂ ಸೇರಿಕೊಂಡು 2015ರ ಜುಲೈ 31ರಂದು ಸೇವೆ ನಿಂತಿತು.

ಮೊದಲ ಉತ್ತರದಲ್ಲಿ ಬಿಟ್ಟುಹೋದ ಸಂಗತಿಯೂ ಈ ಮೊಕದ್ದಮೆಗಳಲ್ಲಿದೆ. ದರ, ಸಮಯ, ಕೆಲಸ ಮಾಡುವ ಕ್ರಮ, ಬಳಸುವ ಸಾಮಗ್ರಿ ಎಲ್ಲವನ್ನೂ ಕಂಪನಿಯೇ ಗೊತ್ತುಮಾಡಿದ ಮೇಲೆ ಆ ವ್ಯಕ್ತಿಯನ್ನು "ಪಾಲುದಾರ" ಎನ್ನುವುದು ಎಷ್ಟು ಸರಿ? ತರಬೇತಿ ಕೊಟ್ಟರೆ ನೌಕರಿಯ ಲಕ್ಷಣ ಬರುತ್ತದೆ, ಕೊಡದಿದ್ದರೆ ಗುಣಮಟ್ಟ ಕುಸಿಯುತ್ತದೆ. ಅರ್ಬನ್ ಕಂಪನಿ ತರಬೇತಿಯ ದಾರಿಯನ್ನೇ ಹಿಡಿಯಿತು. 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದ ಕಚೇರಿಯೆದುರು ಧರಣಿ ಕುಳಿತ ಬ್ಯೂಟಿಷಿಯನ್‌ಗಳು ಆಕ್ಷೇಪಿಸಿದ್ದು ಕಮಿಷನ್ ಮತ್ತು ರೇಟಿಂಗ್ ನಿಯಮಗಳಂತಹ ಹಿಡಿತಗಳನ್ನೇ. ಭಾರತದ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರರನ್ನು, ಅಂದರೆ ಕಾಯಂ ನೌಕರಿಯಿಲ್ಲದೆ ಬಿಡಿ ಕೆಲಸಗಳನ್ನು ಮಾಡುವವರನ್ನು, ಹೆಸರಿಸಿ ಗುರುತಿಸಿದೆಯಾದರೂ, ಅವರನ್ನು ಮಾಲೀಕ–ನೌಕರ ಸಂಬಂಧದ ಹೊರಗೇ ಇರಿಸಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿಗದಿತ ದರಕ್ಕೆ ಒಪ್ಪಿ ಬಂದವರಿಗೆ ಗೋಡೆಯೊಳಗಿನ ತಂತಿಯೇ ಸುಟ್ಟಿರುವುದು ಕಂಡರೆ ಏನು ಮಾಡುತ್ತಾರೆ? ಅಲ್ಲಿ ಮತ್ತೆ ಚೌಕಾಸಿ ಶುರುವಾಗುವುದಿಲ್ಲವೇ?

ಉತ್ತರ 1 ಬರೆದವರು

ಶುರುವಾಗುತ್ತದೆ. ಅದನ್ನು ತಡೆಯಲೆಂದೇ ಹೆಚ್ಚುವರಿ ಕೆಲಸಕ್ಕೂ ಬಿಡಿಭಾಗಕ್ಕೂ ಪ್ರತ್ಯೇಕ ದರಪಟ್ಟಿ ಇಟ್ಟು, ಕೆಲಸಗಾರರು ಅದರಿಂದ ಆಯ್ದದ್ದನ್ನು ಗ್ರಾಹಕರು ತಮ್ಮ ಫೋನಿನಲ್ಲಿ ಒಪ್ಪಿದ ಮೇಲೆಯೇ ಮುಂದುವರಿಯುವ ವ್ಯವಸ್ಥೆ ಇರಬೇಕು. ಒಪ್ಪದಿದ್ದರೆ ಬಂದು ನೋಡಿದ ಶುಲ್ಕವಷ್ಟೇ. ನಮ್ಮ ತಾಣದಲ್ಲಿ ಆ ಶುಲ್ಕವೇ ಇರಲಿಲ್ಲ. ಹೀಗಾಗಿ ಸುಟ್ಟ ತಂತಿಯನ್ನು ಪ್ರಾಮಾಣಿಕವಾಗಿ ತೋರಿಸಿದ ಎಲೆಕ್ಟ್ರಿಷಿಯನ್ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು, ಮೇಲೆ ಟೇಪ್ ಸುತ್ತಿ ಹೋದವರಿಗೆ ಹಣವೂ ಐದು ನಕ್ಷತ್ರಗಳೂ ಸಿಗುತ್ತಿದ್ದವು.