ಪದಚರ್ಚೆ: ‘ಹುಳಿ ಬ್ರಾಂದಿ’ಯೋ ‘ಬ್ರಾಂದಿ ಸಾವರ್’ಓ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬ್ರಾಂದಿ ಸಾವರ್ ಮಾಡಿಕೊಳ್ಳುವ ಕ್ರಮವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡು ಇದು: “60 ಮಿಲಿ ಬ್ರಾಂದಿ, ಅರ್ಧ ನಿಂಬೆಹಣ್ಣಿನ ರಸ, 20 ಮಿಲಿ ಸಕ್ಕರೆ ಪಾಕ, ಒಂದು ಮೊಟ್ಟೆಯ ಬಿಳಿಭಾಗ, ಎರಡು ಹನಿ ಬಿಟರ್ಸ್ (ಬೇರು, ತೊಗಟೆಗಳಿಂದ ತೆಗೆದ ಕಹಿ ಮದ್ಯಸಾರ). ಮೊದಲು ಒಣದಾಗಿ ಕಲಕಿ, ಮತ್ತೆ ಐಸ್ ಹಾಕಿ ಕಲಕಿ, ಎರಡು ಸಲ ಸೋಸಿ.” ಹೆಸರಿನಲ್ಲಿ ಗೊಂದಲವಿದೆ. ‘ಹುಳಿ ಬ್ರಾಂದಿ’ ಎನ್ನಬಹುದೇ? ‘ಬ್ರಾಂದಿ’ ಸರಿಯೋ ‘ಬ್ರಾಂಡಿ’ಯೋ?

ಉತ್ತರ 1:

ಹೆಸರಿನ ತೊಡಕು ಸಣ್ಣದು. ನೀವು ಅನುಮಾನವೇ ಪಡದೆ ಬರೆದ ಪದಗಳಲ್ಲಿ ದೊಡ್ಡ ತೊಡಕಿದೆ.

‘ಹುಳಿ’ಯನ್ನು ಮುಂದಿಟ್ಟರೆ ಹುಳಿ ಮೊಸರು, ಹುಳಿ ಹಿಟ್ಟು ಇದ್ದ ಹಾಗೆ, ಇಟ್ಟು ಇಟ್ಟು ಹುಳಿ ಬಂದ ಬ್ರಾಂದಿ ಎಂದಾಗುತ್ತದೆ. ಇಲ್ಲಿ ‘ಸಾವರ್’ ಗುಣವಾಚಕವಲ್ಲ, ಒಂದು ಬಗೆಯ ಪಾನೀಯದ ಹೆಸರು: ಮದ್ಯ, ನಿಂಬೆರಸ, ಸಿಹಿ ಮೂರೂ ಕೂಡಿದ್ದು. 1862ರಲ್ಲಿ ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ ಅಚ್ಚು ಹಾಕಿಸಿದ ಕೈಪಿಡಿಯಲ್ಲೇ ಅದು ಒಂದು ವರ್ಗವಾಗಿ ಬಂದಿದೆ. ವಿಸ್ಕಿ ಸಾವರ್, ಪಿಸ್ಕೋ ಸಾವರ್ ಅದೇ ಬಳಗದವು. ಹಾಗಾಗಿ ಹೆಸರನ್ನು ಇದ್ದಂತೆಯೇ ಬಿಡಿ. ಕಾಗುಣಿತದಲ್ಲಿ ಮಾತ್ರ ಎಚ್ಚರ ಬೇಕು: ‘ಸೌರ್’ ಎಂದರೆ ಸೂರ್ಯ ನೆನಪಾಗುತ್ತಾನೆ, ‘ಸಾರ್’ ಎಂದರೆ ಮೇಷ್ಟರು. ‘ಸಾವರ್’ ವಾಸಿ.

ಬ್ರಾಂದಿ, ಬ್ರಾಂಡಿ ಎರಡೂ ಬಳಕೆಯಲ್ಲಿವೆ. ಮೂಲ ಡಚ್ಚಿನ ‘ಬ್ರಾಂಡೆವೈನ್’, ಅಂದರೆ ಸುಟ್ಟ ವೈನ್. ಸುಟ್ಟದ್ದು ಎಂದರೆ ಭಟ್ಟಿ ಇಳಿಸಿದ್ದು. ಉಚ್ಚಾರಣೆ ಮೂಲಕ್ಕೆ ಹತ್ತಿರ ಇರಬೇಕೆನ್ನುವವರು ‘ಡಿ’ ಬರೆಯಲಿ. ಆಡುಮಾತಿನಲ್ಲಿ ‘ದಿ’ ಚೆನ್ನಾಗಿ ಬೇರು ಬಿಟ್ಟಿದೆ, ನನ್ನ ಮತ ಅದಕ್ಕೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಈಗ ಮನೆಮಾತುಗಳಿಗೆ ಬರೋಣ. ‘ಸಾವರ್’ ಕಂಡರೆ ಓದುಗ ನಿಂತು ವಿಚಾರಿಸುತ್ತಾನೆ. ‘ಪಾಕ’, ‘ಹನಿ’, ‘ನಿಂಬೆ’ ಕಂಡರೆ ನಿಲ್ಲುವುದಿಲ್ಲ, ತನಗೆ ಗೊತ್ತಿರುವ ಅಳತೆಯನ್ನೇ ಹಾಕಿಬಿಡುತ್ತಾನೆ.

‘ನಿಂಬೆ’ಯನ್ನೇ ನೋಡಿ. ಇಂಗ್ಲಿಷಿನಲ್ಲಿ ಲೆಮನ್ ಬೇರೆ, ಲೈಮ್ ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ದೊಡ್ಡ ಹಳದಿ ಲೆಮನ್‌ನಲ್ಲಿ 40–45 ಮಿಲಿ ರಸವಿರುತ್ತದೆ, ಅದರ ಅರ್ಧ ಈ ಪಾನೀಯಕ್ಕೆ ಸರಿ. ಸಣ್ಣ ಲೈಮ್‌ನ ಅರ್ಧ ಹಿಂಡಿದರೆ 10–12 ಮಿಲಿ ಬಂದೀತು, ಆಗ 20 ಮಿಲಿ ಪಾಕದ ಮುಂದೆ ಹುಳಿ ಸೋತು ಬರೀ ಪಾನಕವಾಗುತ್ತದೆ. ಎರಡರಲ್ಲೂ ಆಮ್ಲ ಶೇ. 6ರ ಆಸುಪಾಸು, ಆದ್ದರಿಂದ ಅಳತೆಯನ್ನು ಮಿಲಿಯಲ್ಲೇ ಕೊಡಿ: 20 ಮಿಲಿ. ವ್ಯತ್ಯಾಸ ಇರುವುದು ಪರಿಮಳದಲ್ಲಿ. ಲೈಮ್‌ನ ವಾಸನೆ ಬ್ರಾಂದಿಯ ಹಣ್ಣಿನ ಗಂಧವನ್ನು ಮುಚ್ಚುತ್ತದೆ. ‘ಹಳದಿ ನಿಂಬೆ’ ಎಂದರೂ ಸಾಲದು, ಮಾಗಿದ ಲೈಮ್ ಕೂಡ ಹಳದಿಯೇ. ‘ದೊಡ್ಡ ಲೆಮನ್’ ಎಂದೇ ಬರೆಯಿರಿ.

‘ಹನಿ’ ಪೂರ್ತಿ ತಪ್ಪು. ಮೂಲದಲ್ಲಿರುವುದು ಡ್ಯಾಶ್: ಬಿಟರ್ಸ್ ಸೀಸೆಯನ್ನು ತಲೆಕೆಳಗು ಮಾಡಿ ಒಮ್ಮೆ ಕೊಡವಿದರೆ ಬೀಳುವಷ್ಟು, ಸುಮಾರು 0.8 ಮಿಲಿ. ಹನಿ ಎಂದರೆ 0.05 ಮಿಲಿ. ಎರಡು ಡ್ಯಾಶ್ ಬೇಕಾದಲ್ಲಿ ಎರಡು ಹನಿ ಬಿಟ್ಟರೆ ಹದಿನಾರರಲ್ಲಿ ಒಂದು ಪಾಲು ಹಾಕಿದ ಹಾಗೆ. ಹಾಕಿದ್ದು ನಾಲಿಗೆಗೇ ಗೊತ್ತಾಗದು. ‘ಎರಡು ಕೊಡವು’ ಎಂದರೆ ಅಳತೆಯೂ ಕೈಚಳಕವೂ ಒಂದೇ ಮಾತಿನಲ್ಲಿ ಸಿಗುತ್ತವೆ.

‘ಕಲಕು’ ಬಹುಶಃ ಕೈತಪ್ಪು. ಚಮಚ ಆಡಿಸುವುದು ಕಲಕು, ಮುಚ್ಚಿದ ಪಾತ್ರೆಯನ್ನು ಆಡಿಸುವುದು ಕುಲುಕು. ಕಲಕಿದರೆ ನೊರೆ ಏಳುವುದಿಲ್ಲ, ಮೊಟ್ಟೆಯ ಲೋಳೆ ಎಳೆಎಳೆಯಾಗಿ ಉಳಿಯುತ್ತದೆ. ಎರಡು ಕೊಂಬು ಬಿಟ್ಟುಹೋದರೆ ಸಾಕು ಪಾನೀಯ ಕೆಡಲು! ‘ಒಣದಾಗಿ’ಯೂ ಬೇಡ, ಅಲ್ಲಿ ಒಣಗಿದ್ದು ಏನೂ ಇಲ್ಲ. ‘ಐಸ್ ಹಾಕದೆ ಕುಲುಕಿ’ ಎನ್ನಿ, 15 ಸೆಕೆಂಡು. ಲೋಳೆ ಬೆಚ್ಚಗಿದ್ದಾಗ ಬೇಗ ನೊರೆ ಕಟ್ಟುತ್ತದೆ, ಅದಕ್ಕೇ ಈ ಮೊದಲ ಸುತ್ತು. ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕೆಂದೂ ಸೇರಿಸಿ. ಐಸ್ ಇದ್ದರೆ ಒಳಗಿನ ಗಾಳಿ ತಣಿದು ಕುಗ್ಗಿ ಮುಚ್ಚಳವನ್ನು ತಾನೇ ಎಳೆದುಕೊಳ್ಳುತ್ತದೆ; ಇಲ್ಲದಿದ್ದರೆ ಮುಚ್ಚಳ ಹಾರಿ ಗೋಡೆಗೆಲ್ಲ ಅಭಿಷೇಕ. ಆಮೇಲೆ ಪಾತ್ರೆಯ ತುಂಬ ದೊಡ್ಡ ಐಸ್ ತುಂಡು ಹಾಕಿ ಇನ್ನೊಂದು 12–15 ಸೆಕೆಂಡು. ಪುಡಿ ಐಸ್ ಬೇಗ ಕರಗಿ ನೀರು ಬಿಡುತ್ತದೆ.

‘ಎರಡು ಸಲ ಸೋಸಿ’ ಎಂದರೆ ಓದುಗ ಒಂದು ಪಾತ್ರೆಗೆ ಸೋಸಿ, ಅಲ್ಲಿಂದ ಇನ್ನೊಂದಕ್ಕೆ ಸೋಸುತ್ತಾನೆ. ನೊರೆಯ ಅರ್ಧ ಮೊದಲ ಪಾತ್ರೆಗೇ ಅಂಟಿಕೊಂಡಿರುತ್ತದೆ. ಇರುವುದು ಒಂದೇ ಸಲದ ಸೋಸುವಿಕೆ, ಕುಲುಕುವ ಪಾತ್ರೆಯ (ಶೇಕರ್‌ನ) ಜರಡಿಯ ಕೆಳಗೆ ಟೀ ಸೋಸುವ ಸಣ್ಣ ಜರಡಿ ಹಿಡಿದು.

ಉತ್ತರ 2:

ಮೇಲಿನವರು ‘ಪಾಕ’ವನ್ನು ಹೆಸರಿಸಿ ಹಾಗೇ ಬಿಟ್ಟುಬಿಟ್ಟರು, ನನಗೆ ಅದೇ ಮುಖ್ಯ. ‘ಸಕ್ಕರೆ ಪಾಕ’ ಎಂದೊಡನೆ ಅಡುಗೆ ಬಲ್ಲವರ ಎರಡು ಬೆರಳು ಎಳೆ ನೋಡಲು ಹೋಗುತ್ತವೆ. ಇಲ್ಲಿ ಎಳೆ ಬರಲೇಬಾರದು. ಎಳೆ ಬರುವಷ್ಟು ಕುದಿಸಿದ್ದು ತಣಿದ ಮೇಲೆ ಸೀಸೆಯಲ್ಲಿ ಹರಳುಗಟ್ಟುತ್ತದೆ, ಐಸ್ ತಾಗಿದರೆ ಬೆರೆಯದೆ ತಳ ಸೇರುತ್ತದೆ. ಬೇಕಾದದ್ದು 200 ಗ್ರಾಂ ಸಕ್ಕರೆಯನ್ನು 200 ಮಿಲಿ ಬಿಸಿನೀರಿನಲ್ಲಿ ಕರಗಿಸಿದ್ದು, ಅಷ್ಟೇ; ಕುದಿಸುವುದೂ ಬೇಡ. ಸುಮಾರು 325 ಮಿಲಿ ಆಗುತ್ತದೆ, ಫ್ರಿಜ್ಜಿನಲ್ಲಿ ಮೂರು ವಾರ ಇಡಬಹುದು. ನೀರಿಗೆ ಎರಡರಷ್ಟು ಸಕ್ಕರೆ ಹಾಕಿದ ದಪ್ಪನೆಯದಾದರೆ 20ರ ಬದಲು 14 ಮಿಲಿ ಸಾಕು. ಇದಕ್ಕೆ ‘ಸಕ್ಕರೆ ನೀರು’ ಎನ್ನಿ. ತುಸು ಬಡಕಲು ಪದ, ಒಪ್ಪುತ್ತೇನೆ, ಆದರೆ ಯಾರ ಬೆರಳನ್ನೂ ದಾರಿ ತಪ್ಪಿಸುವುದಿಲ್ಲ. ಕೆಲವು ಬ್ರಾಂದಿಗಳಿಗೆ ತಯಾರಿಸುವಾಗಲೇ ಸಕ್ಕರೆ ಸೇರಿಸಿರುತ್ತಾರೆ. ಅಂಥವಕ್ಕೆ 15 ಮಿಲಿಯಿಂದ ಶುರುಮಾಡಿ ರುಚಿ ನೋಡಿಕೊಳ್ಳುವುದು ಒಳ್ಳೆಯದು.

‘ಬಿಳಿಭಾಗ’ ಸರಿಯಾಗಿದೆ. ಹಳದಿ ಒಂದು ಚೂರು ಬಿದ್ದರೂ ಅದರ ಕೊಬ್ಬು ನೊರೆಯನ್ನು ಕುಗ್ಗಿಸುತ್ತದೆ. ಮದ್ಯ ಬಿದ್ದ ಮಾತ್ರಕ್ಕೆ ಹಸಿ ಮೊಟ್ಟೆಯ ರೋಗಾಣು ಸಾಯುವುದಿಲ್ಲ, ಪಾಶ್ಚರೀಕರಿಸಿದ್ದು ಮೇಲು. ಮೊಟ್ಟೆ ಒಲ್ಲದವರಿಗೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು 25 ಮಿಲಿ. ಇಂಗ್ಲಿಷಿನವರು ಇದಕ್ಕೆ 2015ರಲ್ಲಿ ‘ಅಕ್ವಾಫಾಬಾ’ ಎಂಬ ಪದ ಹೊಸೆದರು. ನಮ್ಮಲ್ಲಿ ‘ಕಟ್ಟು’ ಮೊದಲಿಂದಲೂ ಇದೆ. ಕಡಲೆಕಟ್ಟು ಎಂದು ಧೈರ್ಯವಾಗಿ ಬರೆಯಿರಿ.

ಇನ್ನೊಂದು ಮಾತು. ಸೈಪ್ರಸ್‌ನಲ್ಲಿ ಬ್ರಾಂದಿ ಸಾವರ್ ಎಂದರೆ ಬೇರೆಯದೇ: ಉದ್ದ ಗ್ಲಾಸಿನಲ್ಲಿ ಐಸ್, ಬ್ರಾಂದಿ, ನಿಂಬೆ ಸ್ಕ್ವಾಷ್, ಬಿಟರ್ಸ್, ಮೇಲೆ ಸೋಡಾ. ಮೊಟ್ಟೆಯೂ ಇಲ್ಲ, ಕುಲುಕುವುದೂ ಇಲ್ಲ. ಅಲ್ಲಿ ನಿಮ್ಮ ‘ಕಲಕು’ ಸರಿಹೋಗುತ್ತದೆ. ನಿಮ್ಮದು ಯಾವುದೆಂದು ಮೊದಲ ಸಾಲಿನಲ್ಲೇ ತಿಳಿಸಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ವಂದನೆ. ತಿದ್ದಿದ್ದು: “60 ಮಿಲಿ ಬ್ರಾಂದಿ, 20 ಮಿಲಿ ಲೆಮನ್ ರಸ, 20 ಮಿಲಿ ಸಕ್ಕರೆ ನೀರು, ಒಂದು ಮೊಟ್ಟೆಯ ಬಿಳಿಭಾಗ ಅಥವಾ 25 ಮಿಲಿ ಕಡಲೆಕಟ್ಟು, ಎರಡು ಕೊಡವು ಬಿಟರ್ಸ್. ಐಸ್ ಹಾಕದೆ 15 ಸೆಕೆಂಡು, ಐಸ್ ಹಾಕಿ ಮತ್ತೆ ಅಷ್ಟೇ ಹೊತ್ತು ಕುಲುಕಿ. ತಣ್ಣಗಿನ ಗ್ಲಾಸಿಗೆ ಜೋಡಿ ಜರಡಿ ಹಿಡಿದು ಸುರಿಯಿರಿ.”

ಉತ್ತರ 1:

ಚೆನ್ನಾಗಿದೆ. ಬಿಟರ್ಸನ್ನು ಮಾತ್ರ ಕುಲುಕುವ ಪಟ್ಟಿಯಿಂದ ತೆಗೆದು ಕೊನೆಗೆ ತನ್ನಿ. ನೊರೆ ನಿಂತ ಮೇಲೆ ಅದರ ಮೇಲೆಯೇ ಬಿದ್ದರೆ ಮೊಟ್ಟೆಯ ಹಸಿ ವಾಸನೆ ಮೂಗಿಗೆ ಬರುವುದಿಲ್ಲ. ನೊರೆಯ ಮೇಲೆ ಚಿತ್ತಾರ ಬಿಡಿಸುವವರಿಗೆ ಮಾತ್ರ ನಿಮ್ಮ ‘ಹನಿ’ಯೇ ಬೇಕು, ಒಂದೊಂದಾಗಿ ನಾಲ್ಕೈದು.