ಪದಚರ್ಚೆ: ‘ಪ್ರತಿಜೀವಕ ನಿರೋಧಕತೆ’ – ಇದು ಯಾರ ಶಕ್ತಿ?

ಬಳಗದವರಿಗೆ ನಮಸ್ಕಾರ.

ಆ್ಯಂಟಿಬಯೋಟಿಕ್ (ಕನ್ನಡದಲ್ಲಿ ‘ಪ್ರತಿಜೀವಕ’) ಬಗ್ಗೆ ರೋಗಿಗಳಿಗೆ ಕೊಡಲು ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕರಡನ್ನು ಮೊದಲು ನಮ್ಮ ಅತ್ತೆಗೆ ಕೊಟ್ಟೆ. ‘ಪ್ರತಿಜೀವಕ ನಿರೋಧಕತೆ ಹೆಚ್ಚುತ್ತಿದೆ’ ಅನ್ನುವ ಸಾಲಿಗೆ ಬಂದು ಕನ್ನಡಕ ತೆಗೆದರು. “ಒಳ್ಳೇದೇ ಆಯ್ತಲ್ಲ, ನಿರೋಧಕ ಶಕ್ತಿ ಜಾಸ್ತಿ ಆದ್ರೆ ಕಾಯಿಲೆ ಬರಲ್ಲ ಅಲ್ವಾ?”

ತಪ್ಪು ಅವರದಲ್ಲ. ಕೋವಿಡ್ ಕಾಲದಲ್ಲಿ ಕಷಾಯ ಕುಡಿದೂ ಕುಡಿದೂ ‘ರೋಗನಿರೋಧಕ ಶಕ್ತಿ’ ಮನೆಮಾತಾಯಿತು. ಅದು ನಮ್ಮ ಮೈಯ ಶಕ್ತಿ. ಇಲ್ಲಿ ಹೇಳಬೇಕಾದದ್ದು ಬ್ಯಾಕ್ಟೀರಿಯಾದ ಶಕ್ತಿ, ಅಂದರೆ ಔಷಧ ಬಿದ್ದರೂ ಅದು ಸಾಯದೆ ಉಳಿಯುವುದು. ಒಂದೇ ‘ನಿರೋಧಕ’ ಅಲ್ಲಿ ನಮ್ಮ ಪರ, ಇಲ್ಲಿ ನಮ್ಮ ವಿರುದ್ಧ. ಸಾಲದ್ದಕ್ಕೆ ಕೆಲವರು ಆ್ಯಂಟಿಬಯೋಟಿಕ್ಕನ್ನೇ ‘ಜೀವನಿರೋಧಕ’ ಅನ್ನುತ್ತಾರೆ. ಹಾಗಾದರೆ ‘ಜೀವನಿರೋಧಕ ನಿರೋಧಕತೆ’! ಓದುವವರ ಗತಿ?

‘ಒಗ್ಗು’ ಬಳಸೋಣ ಅಂದುಕೊಂಡೆ. ಆದರೆ ಜನ ಈಗಾಗಲೇ “ಮಾತ್ರೆಗೆ ಮೈ ಒಗ್ಗಿಹೋಗಿದೆ, ಕೆಲಸ ಮಾಡಲ್ಲ” ಅನ್ನುತ್ತಾರೆ. ಒಗ್ಗಿದ್ದು ಮೈಯಲ್ಲ, ಬ್ಯಾಕ್ಟೀರಿಯಾ. ಹಾಗಾಗಿ ಸದ್ಯಕ್ಕೆ ‘ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ’ ಎಂದು ಬರೆದಿದ್ದೇನೆ. ಜಗ್ಗದೆ ಕೂತವರು ಯಾರು ಅನ್ನುವುದು ಅದರಲ್ಲೇ ಇದೆ. ನಾಮಪದ ಮಾಡಹೋದರೆ ಮಾತ್ರ ‘ಜಗ್ಗದಿರುವಿಕೆ’ ನಾಲಿಗೆಯಲ್ಲಿ ಹೊರಳುವುದಿಲ್ಲ.

ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ‘ಕೊಲ್ಲುತ್ತದೆ’ ಅನ್ನುವುದು ಕೂಡ ಎಲ್ಲ ಕಡೆ ಸಲ್ಲುವುದಿಲ್ಲ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾಕ್ಕೆ ತನ್ನ ಸುತ್ತಲಿನ ಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆ ಸಡಿಲವಾಗಿ ಅದು ಒಡೆದು ಸಾಯುತ್ತದೆ. ಸಿಪ್ರೊಫ್ಲಾಕ್ಸಸಿನ್ ಡಿಎನ್ಎ ನಕಲಾಗುವ ಕೆಲಸ ಕೆಡಿಸಿ ಕೊಲ್ಲುತ್ತದೆ. ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಹಾಗಲ್ಲ. ಅವು ಪ್ರೋಟೀನ್ ತಯಾರಿಗೆ ಅಡ್ಡ ನಿಲ್ಲುತ್ತವೆ. ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುತ್ತದೆ, ಮಿಕ್ಕದ್ದನ್ನು ಮೈಯೇ ಮುಗಿಸುತ್ತದೆ. ಇವಕ್ಕೆ ‘ಬೆಳೆಯಗೊಡದ’ ಅಂದರೆ ಆದೀತೇ?

ವೈರಸ್ಸಿಗೆ ಇವು ಯಾವುವೂ ತಾಗುವುದಿಲ್ಲ. ಆದರೆ ನಾವು ಎರಡಕ್ಕೂ ‘ಸೋಂಕು’ ಅನ್ನುತ್ತೇವೆ. ಹಾಗಾಗಿ ನೆಗಡಿಗೂ ಹಳೇ ಡಬ್ಬಿಯಲ್ಲಿ ಉಳಿದ ಮಾತ್ರೆ ಹೊರಗೆ ಬರುತ್ತದೆ. ಕರಪತ್ರದಲ್ಲಿ ಎಲ್ಲ ಕಡೆ ‘ಬ್ಯಾಕ್ಟೀರಿಯಾ ಸೋಂಕು’ ಎಂದೇ ತಿದ್ದಿದೆ.

ನನ್ನನ್ನು ಜಾಸ್ತಿ ಕಾಡಿದ್ದು ‘ಹೀಟು’. “ಆ ಮಾತ್ರೆ ತುಂಬಾ ಹೀಟು” ಅನ್ನುತ್ತಾರಲ್ಲ, ಅದರಲ್ಲಿ ಬಾಯಿಹುಣ್ಣು, ಉರಿಮೂತ್ರ, ಭೇದಿ, ಮೈಮೇಲಿನ ದದ್ದು ಎಲ್ಲ ಸೇರಿವೆ. ಭೇದಿ ಬಹುಪಾಲು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿದ್ದರಿಂದ. ದದ್ದು ಅಲರ್ಜಿ ಇರಬಹುದು. ಪೆನಿಸಿಲಿನ್ ಜಾತಿಯ ಮಾತ್ರೆ ನುಂಗಿ ದದ್ದೆದ್ದರೆ ಡಾಕ್ಟರಿಗೆ ಹೇಳಬೇಕು. ಮುಖ ಊದಿ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮಜ್ಜಿಗೆ ಕುಡಿದು ಸುಮ್ನೆ ಕೂರುವ ಹಾಗಿಲ್ಲ. ಹೀಟಿಗೆ ಅಂತ ಡಾಕ್ಸಿಸೈಕ್ಲಿನ್ನನ್ನು ಹಾಲಿನ ಜೊತೆ ನುಂಗುವವರೂ ಇದ್ದಾರೆ. ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟು, ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೆ ಒಂದು ದೊಡ್ಡ ಲೋಟ ನೀರೇ ಸರಿ, ನುಂಗಿದ ಕೂಡಲೇ ಮಲಗಲೂಬಾರದು. ‘ಹೀಟು’ ಬಿಡಿಸಿ ಬರೆಯಲೇ, ಇಲ್ಲ ಹಾಗೇ ಇಟ್ಟು ವಿವರಿಸಲೇ?

ಇನ್ನು ‘ಜಗ್ಗದ’ ಪದಕ್ಕೆ ನಿನ್ನೆ ಧಾರವಾಡದ ಗೆಳತಿಯ ತಕರಾರು ಬಂತು. ಅವರ ಕಡೆ ‘ಜಗ್ಗು’ ಅಂದರೆ ಎಳೆ, ‘ಜಗ್ಗಿ’ ಅಂದರೆ ಬೇಕಾದಷ್ಟು. ‘ಬಗ್ಗದ’ ಎಂದು ತಿದ್ದಲೇ? ನಿಮ್ಮ ಕಡೆ ಏನನ್ನುತ್ತಾರೆ?