ಮರದ ಮೇಲಿನ ನೀರಿನ ಗುರುತು: ಕಲೆಯೋ, ಕರೆಯೋ?

ಎಲ್ಲರಿಗೂ ನಮಸ್ಕಾರ.

ಮನೆಯ ಮೇಜು, ಕುರ್ಚಿ, ಕಪಾಟುಗಳನ್ನು ಜೋಪಾನ ಮಾಡುವ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ನೀರಿನ ಕಲೆ ತೆಗೆಯುವ ಭಾಗದಲ್ಲಿ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ನಿಮ್ಮ ಸಹಾಯ ಬೇಕು.

'ನೀರಿನ ಕಲೆ' ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ನಿಜಕ್ಕೂ ಎರಡು ಬೇರೆ ಬೇರೆ ಗುರುತು. ಬಿಸಿ ಕಾಫಿ ಲೋಟ ಇಟ್ಟ ಜಾಗದಲ್ಲಿ ಬೆಳ್ಳಗೆ ದುಂಡಗೆ ಮೂಡುತ್ತದಲ್ಲ, ಅದು ಒಂದು. ಅಲ್ಲಿ ನೀರು ಮರದವರೆಗೆ ಹೋಗಿರುವುದಿಲ್ಲ. ಪಾಲಿಶ್ ಪದರದಲ್ಲೇ ತೇವ ಸಿಕ್ಕಿಕೊಂಡು ಬೆಳಕು ಚದುರುತ್ತದೆ, ಅದಕ್ಕೇ ಬಿಳಿ. ಅರಗಿನ ಸ್ಪಿರಿಟ್ ಪಾಲಿಶ್ ಹಾಕಿದ ಹಳೆಯ ಮೇಜುಗಳಲ್ಲಿ ಇದು ಜಾಸ್ತಿ. ಒಣ ಹತ್ತಿಬಟ್ಟೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ನೀರು, ಹಬೆ ಇಲ್ಲದೆ ಕೆಲವೇ ಕ್ಷಣ ಆಡಿಸಿ ಎತ್ತಿದರೆ ಎಷ್ಟೋ ಸಲ ಹೋಗಿಬಿಡುತ್ತದೆ.

ಇನ್ನೊಂದು ಕಪ್ಪು. ಹೂಕುಂಡದ ಅಡಿಯಲ್ಲಿ, ಕಿಟಕಿ ಚೌಕಟ್ಟಿನಲ್ಲಿ, ಮುಖ್ಯವಾಗಿ ಮೊಳೆಯ ಸುತ್ತ ಕಾಣುತ್ತದೆ. ಇಲ್ಲಿ ನೀರು ಪಾಲಿಶ್ ದಾಟಿ ಮರಕ್ಕೇ ಇಳಿದಿರುತ್ತದೆ. ಮರದಲ್ಲಿರುವ ಒಗರಿನ ಅಂಶಕ್ಕೂ (ಟ್ಯಾನಿನ್) ಕಬ್ಬಿಣಕ್ಕೂ ನೀರಿನಲ್ಲಿ ಸಂಪರ್ಕ ಬಂದರೆ ಕಪ್ಪಾಗುತ್ತದೆ. ಒಗರಾದ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಸೇರಿಸಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಇದಕ್ಕೆ ಇಸ್ತ್ರಿ ಆಡಿಸಿದರೆ ಏನೂ ಆಗದು. ಪಾಲಿಶ್ ಕೆರೆದು, ಆಕ್ಸಾಲಿಕ್ ಆಸಿಡ್ ನೀರು ಹಚ್ಚಿ, ಚೆನ್ನಾಗಿ ತೊಳೆದು, ಒಣಗಿಸಿ, ಮತ್ತೆ ಪಾಲಿಶ್ ಹಾಕಬೇಕು. ಈ ಆಸಿಡ್ ವಿಷ. ಕೈಗವಸು ಇಲ್ಲದೆ ಮುಟ್ಟಬಾರದು, ಪುಡಿ ಮೂಗಿಗೆ ಹೋಗಬಾರದು.

ಎರಡಕ್ಕೂ 'ಕಲೆ' ಅಂತಲೇ ಬರೆದರೆ ಓದಿದವರು ಬಿಳಿ ಗುರುತಿಗೂ ಆಸಿಡ್ ಸುರಿದಾರು ಅನ್ನೋ ಭಯ ನನಗೆ.

ಕಪ್ಪಿಗೆ 'ಕರೆ' ಅನ್ನೋಣವೇ? ಎಲೆಅಡಿಕೆ ಹಾಕುವವರ ಹಲ್ಲು ಕರೆ ಕಟ್ಟುತ್ತದೆ. ಬಾಳೆಕಾಯಿ ಹೆಚ್ಚಿದ ಕೈಗೆ ಕರೆ ಹಿಡಿಯುತ್ತದೆ. ಎರಡೂ ಒಗರಿನಿಂದಲೇ ಆಗುವ ಗುರುತು, ಎರಡೂ ಸುಲಭಕ್ಕೆ ಬಿಡುವುದಿಲ್ಲ. ಮರದ ಕಪ್ಪಿಗೂ ಇದೇ ಪದ ಸರಿಹೊಂದುತ್ತದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಹಳಗನ್ನಡದಲ್ಲಿ ಇದು 'ಕಱೆ'. ತಮಿಳಿನ 'ಕಱೈ', ಮಲಯಾಳದ 'ಕಱ' ಇದರ ನಂಟಿನವೇ. ಱ ಅನ್ನುವ ಹಳೆಯ ಅಕ್ಷರ ಬಿಟ್ಟುಹೋದ ಮೇಲೆ ಕೂಗುವ 'ಕರೆ'ಯ ಜೊತೆ ಬೆರೆತಿದೆ, ಆದರೆ 'ಕರೆ ಹಿಡಿದಿದೆ' ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ ಅಲ್ವಾ?

ಕಷ್ಟ ಇರುವುದು ಬಿಳಿಯದಕ್ಕೆ. 'ಬೂಷ್ಟು' ಅನ್ನುವಂತಿಲ್ಲ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಬೂಷ್ಟು ಬೇರೆ, ಒರೆಸಿದರೆ ಬಟ್ಟೆಗೆ ಬರುತ್ತದೆ. 'ನೀರ್ಗಲೆ' ಅಂತ ಕಟ್ಟಬಹುದು. ನೀರ್ಗುಳ್ಳೆ ಇದೆಯಲ್ಲ, ಹಾಗೆ. ಕಿವಿಗೆ ಚೆನ್ನಾಗಿದೆ, ಆದರೆ ಬಣ್ಣ ಹೇಳುವುದಿಲ್ಲ. ಕಪ್ಪು ಕೂಡ ನೀರಿನದೇ. ನನಗೆ ಹಿಡಿಸಿದ್ದು ಹೆಸರಿಗಿಂತ ಕ್ರಿಯಾಪದ: 'ಪಾಲಿಶ್ ಬಿಳಿಚಿಕೊಂಡಿದೆ'. ಕೆಟ್ಟಿರುವುದು ಮರವಲ್ಲ, ಪಾಲಿಶ್ ಅಂತ ಅದರಲ್ಲೇ ಗೊತ್ತಾಗುತ್ತದೆ. ಆದರೆ ಕೈಪಿಡಿಯ ತಲೆಬರಹಕ್ಕೆ ಒಂದು ನಾಮಪದ ಬೇಕೇ ಬೇಕು. ಸದ್ಯಕ್ಕೆ 'ಬಿಳಿಚು ಗುರುತು' ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಕಡೆ ಬಡಗಿಗಳು, ಪಾಲಿಶ್ ಕೆಲಸದವರು ಈ ಬಿಳಿಗೆ ಏನಂತಾರೆ? ಉತ್ತರ ಕರ್ನಾಟಕದ 'ಡಾಗ' ಎರಡಕ್ಕೂ ನಡೆಯುತ್ತದೆಯೇ, ಇಲ್ಲ ಕಪ್ಪಿಗೆ ಮಾತ್ರವೇ? ಹೊಸದಾಗಿ ಕಟ್ಟಿದ ಪದಕ್ಕಿಂತ ಕೆಲಸ ಮಾಡುವವರ ಬಾಯಲ್ಲಿ ಇರುವ ಪದ ಸಿಕ್ಕರೆ ನನಗೆ ಬಹಳ ಸಂತೋಷ. ಯಾವ ಊರಿನ ಮಾತು ಅಂತಲೂ ದಯವಿಟ್ಟು ಬರೆಯಿರಿ.